ಮೈಲುತುತ್ತು, ಸತು, ಮಣ್ಣಿನ ಕುಡಿಕೆ: ಡೇನಿಯಲ್ ಸೆಲ್ ಎಲ್ಲಿಗೆ ಬಂತು

ಜೂನ್, ಮೊದಲ ಮದ್ದಿನ ಹೊತ್ತು

ಕಾಸರಗೋಡಿನ ಅಡಿಕೆ ತೋಟದವರಿಗೆಲ್ಲ ಕತ್ತಿಯ ಪರೀಕ್ಷೆ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ಮದ್ದು ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ಅಂದರೆ ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಬೆರೆಸಿ ಆದ ಮೇಲೆ ತಿಕ್ಕಿ ಬೆಳಗಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ಹಿಡಿಯುವುದು. ಅಲಗಿಗೆ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಲೆಕ್ಕ.

ಆ ಕೆಂಪು ನಿಜವಾದ ತಾಮ್ರ. ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗಿಳಿಯುತ್ತದೆ. ನೀರಿನಲ್ಲಿದ್ದ ತಾಮ್ರದ ಅಯಾನು (ವಿದ್ಯುದಂಶ ಹೊತ್ತ ಕಣ) ಆ ಎರಡನ್ನು ಹಿಡಿದುಕೊಂಡು ಲೋಹವಾಗಿ ಅಲಗಿಗೆ ಅಂಟುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಕರಗದ ರೂಪಕ್ಕೆ ಹೋಗಿರುತ್ತದೆ, ಕತ್ತಿ ಹಾಗೇ ಉಳಿಯುತ್ತದೆ.

ಪ್ಲಸ್ ಟು ಓದುವ ಅಕ್ಕನ ಮಗಳು ಪಕ್ಕದಲ್ಲೇ ನಿಂತಿದ್ದಳು. "ಮಾವ, ಎಲೆಕ್ಟ್ರಾನ್ ದಾಟುವುದು ಹೌದಾದರೆ ಕರೆಂಟ್ ಯಾಕೆ ಸಿಗುವುದಿಲ್ಲ?" ಅಂತ ಕೇಳಿದಳು. ಒಳ್ಳೇ ಪ್ರಶ್ನೆ ಅಲ್ವಾ! ಮನೆಯಲ್ಲೇ ಡೇನಿಯಲ್ ಸೆಲ್ ಕಟ್ಟುವ ಈ ಕೆಲಸ ಶುರುವಾದದ್ದೇ ಅಲ್ಲಿಂದ.

ಎಲೆಕ್ಟ್ರಾನ್ ಕೊಡುವ ಲೋಹವೂ ತಗೊಳ್ಳುವ ಅಯಾನೂ ಒಂದಕ್ಕೊಂದು ತಾಗಿಕೊಂಡೇ ಇದ್ದರೆ ಕೊಡು-ಕೊಳ್ಳುವುದು ಅಲ್ಲೇ ಮುಗಿಯುತ್ತದೆ, ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಎರಡನ್ನೂ ಬೇರೆ ಬೇರೆ ಇಟ್ಟು ನಡುವೆ ತಂತಿ ಕೊಟ್ಟರೆ ಎಲೆಕ್ಟ್ರಾನಿಗೆ ತಂತಿಯ ದಾರಿ ಬಿಟ್ಟು ಬೇರೆ ಗತಿಯಿಲ್ಲ. 1836ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಜಾನ್ ಫ್ರೆಡರಿಕ್ ಡೇನಿಯಲ್ ಮಾಡಿದ್ದು ಇದನ್ನೇ. ಕಬ್ಬಿಣದ ಜಾಗದಲ್ಲಿ ಅವನು ಸತು ಇಟ್ಟ. ಸತು ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಕಬ್ಬಿಣಕ್ಕಿಂತ ಮುಂದು. ಕಬ್ಬಿಣ-ತಾಮ್ರದ ಜೋಡಿಗೆ 0.78 ವೋಲ್ಟ್ ಬಂದರೆ ಸತು-ತಾಮ್ರಕ್ಕೆ 1.10 ವೋಲ್ಟ್.

ಜೂನ್ ಕೊನೆ

ಸಾಮಾನಿಗೆ ಜಾಸ್ತಿ ಅಲೆಯಬೇಕಾಗಲಿಲ್ಲ. ಮೈಲುತುತ್ತು ಮನೆಯಲ್ಲೇ ಇತ್ತು. ಜಿಂಕ್ ಸಲ್ಫೇಟ್ ಬದಿಯಡ್ಕದ ಗೊಬ್ಬರದ ಅಂಗಡಿಯಿಂದ. ತಾಮ್ರದ ತಗಡು ಪಾತ್ರೆ ಅಂಗಡಿಯಲ್ಲಿ ಸಿಕ್ಕಿತು. ಸತುವಿಗೆ ಟಾರ್ಚಿನ ಹಳೇ ದೊಡ್ಡ ಸೆಲ್ಲುಗಳನ್ನು ಬಿಚ್ಚಿದೆ, ಅವುಗಳ ಹೊರಗಿನ ಡಬ್ಬಿಯೇ ಸತು. ಆಲ್ಕಲೈನ್ ಅಂತ ಬರೆದ ಸೆಲ್ ಮಾತ್ರ ಬಿಚ್ಚಬೇಡಿ, ಒಳಗೆ ಕೈ ಸುಡುವ ಕ್ಷಾರ ಇರುತ್ತದೆ.

ಒಂದು ಗಾಜಿನ ಲೋಟದಲ್ಲಿ ಜಿಂಕ್ ಸಲ್ಫೇಟ್ ನೀರು, ಅದರಲ್ಲಿ ಸತು. ಇನ್ನೊಂದರಲ್ಲಿ ಮೈಲುತುತ್ತಿನ ನೀರು, ಅದರಲ್ಲಿ ತಾಮ್ರ. ಮೀಟರ್ ಇಟ್ಟರೆ ಏನೂ ಇಲ್ಲ. ತೋಟಕ್ಕೆ ಹಾಕುವ ಪೊಟ್ಯಾಷ್ (ಪೊಟ್ಯಾಸಿಯಂ ಕ್ಲೋರೈಡ್) ಕರಗಿಸಿದ ನೀರಲ್ಲಿ ಹತ್ತಿ ಬಟ್ಟೆ ನೆನೆಸಿ, ಎರಡೂ ಲೋಟಕ್ಕೆ ಮುಟ್ಟುವ ಹಾಗೆ ಇಳಿಬಿಟ್ಟ ಕೂಡಲೇ 1.08 ವೋಲ್ಟ್!

ಇಲ್ಲಿ ಸ್ವಲ್ಪ ನಿಲ್ಲಬೇಕು. ಪಾಠ ಓದುವ ಮಕ್ಕಳು ಜಾಸ್ತಿ ಗೊಂದಲಪಡುವ ಜಾಗ ಇದು. ಸತು ಕರಗಿದ ಹಾಗೆ ಆ ಲೋಟದಲ್ಲಿ ಧನ ಅಯಾನು ಏರುತ್ತದೆ. ತಾಮ್ರ ಕೂತ ಹಾಗೆ ಈ ಲೋಟದಲ್ಲಿ ಇಳಿಯುತ್ತದೆ. ಲೆಕ್ಕ ಸರಿದೂಗಿಸಲು ದಾರಿ ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಬಟ್ಟೆಯ ಮೂಲಕ ಕ್ಲೋರೈಡ್ ಸತುವಿನ ಕಡೆಗೂ ಪೊಟ್ಯಾಸಿಯಂ ತಾಮ್ರದ ಕಡೆಗೂ ಸರಿಯುತ್ತವೆ. ತಂತಿಯಲ್ಲಿ ಎಲೆಕ್ಟ್ರಾನ್, ನೀರಿನಲ್ಲಿ ಅಯಾನು. ಹೀಗೆ ಸುತ್ತು ಪೂರ್ತಿಯಾಗುತ್ತದೆ.

ಆದರೆ 100 ಓಮಿನ ರೆಸಿಸ್ಟರ್ ಜೋಡಿಸಿದರೆ ವೋಲ್ಟೇಜ್ ದಬಕ್ಕನೆ 0.4ಕ್ಕೆ ಇಳಿಯಿತು. ಅಂದರೆ 4 ಮಿಲಿಆಂಪಿಯರ್. ಸೆಲ್ಲಿನ ಒಳಗಿನ ತಡೆಯೇ ಸುಮಾರು 170 ಓಮ್. ಬಟ್ಟೆಯ ಸೇತುವೆ ಪಾಠ ತೋರಿಸಲು ಸಾಕು, ದೀಪ ಹಚ್ಚಲು ಸಾಲದು.

ಜುಲೈ

ಡೇನಿಯಲ್ ಬಳಸಿದ ಉಪಾಯಗಳಲ್ಲಿ ಹೊಳಪು ಹಚ್ಚದ ಮಣ್ಣಿನ ಪಾತ್ರೆಯೂ ಒಂದು. ಸಣ್ಣ ಕುಡಿಕೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟೆ. ಒಳಗೆ ಸತು, ಜಿಂಕ್ ಸಲ್ಫೇಟ್. ಹೊರಗೆ ಗಾಜಿನ ಬಾಟ್ಲಿಯಲ್ಲಿ ಮೈಲುತುತ್ತು, ಕುಡಿಕೆಯ ಸುತ್ತ ಬಳಸಿದ ತಾಮ್ರದ ತಗಡು. ಮಣ್ಣಿನ ಸಣ್ಣ ಸಣ್ಣ ರಂಧ್ರಗಳು ಅಯಾನನ್ನು ಬಿಡುತ್ತವೆ, ನೀರು ಬೇಗ ಬೆರೆಯಲು ಬಿಡುವುದಿಲ್ಲ. ಅದೇ ರೆಸಿಸ್ಟರಿನಲ್ಲಿ ಈಗ 0.98 ವೋಲ್ಟ್. ಒಳತಡೆ 10 ಓಮಿನ ಆಸುಪಾಸು. ತಗಡು ದೊಡ್ಡದು ಮಾಡಿದರೆ ಕರೆಂಟ್ ಏರುತ್ತದೆ, ವೋಲ್ಟೇಜ್ ಏರುವುದಿಲ್ಲ. ಅದನ್ನು ಲೋಹಗಳ ಜೋಡಿಯೇ ತೀರ್ಮಾನಿಸುತ್ತದೆ, ನೀರಿನ ಸಾಂದ್ರತೆ ಸ್ವಲ್ಪ ಆಚೀಚೆ ಮಾಡುತ್ತದೆ. ಜಿಂಕ್ ಸಲ್ಫೇಟನ್ನು ಹತ್ತು ಪಟ್ಟು ತೆಳು ಮಾಡಿ ನೋಡಿದೆವು. ಸಾಂದ್ರತೆಗೆ ತಕ್ಕ ವೋಲ್ಟೇಜ್ ಹೇಳುವ ನರ್ನ್‌ಸ್ಟ್ ಲೆಕ್ಕದಲ್ಲಿ 0.03 ವೋಲ್ಟ್ ಏರಬೇಕು, ಮೀಟರ್ 0.02 ಏರಿದ್ದು ತೋರಿಸಿತು. ನನಗಂತೂ ಖುಷಿಯಾಯಿತು.

ಇಂಥ ಎರಡು ಸೆಲ್ ಸಾಲಾಗಿ ಜೋಡಿಸಿದರೆ ಕೆಂಪು ಎಲ್‌ಇಡಿ ಚೆನ್ನಾಗಿ ಉರಿಯುತ್ತದೆ. ಬಿಳಿಯದಕ್ಕೆ ಮೂರು ಬೇಕು. 10 ಮಿಲಿಆಂಪಿಯರ್ ಒಂದು ಹಗಲು ಒಂದು ರಾತ್ರಿ ಹರಿದರೆ, ಹರಿದ ಕರೆಂಟಿಗೆ ಎಷ್ಟು ಲೋಹ ಕೂರುತ್ತದೆ ಅಂತ ಹೇಳುವ ಫ್ಯಾರಡೆಯ ಲೆಕ್ಕದ ಪ್ರಕಾರ ಪ್ರತಿ ತಾಮ್ರದ ತಗಡೂ 0.28 ಗ್ರಾಂ ಭಾರ ಹೆಚ್ಚಬೇಕು. ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ ಒಂದನ್ನು ಒಣಗಿಸಿ ತೂಗಿದರೆ 0.26. ತಗಡಿನ ಮೇಲೆ ಹೊಸ ತಾಮ್ರ ನಸುಗೆಂಪು ಪುಡಿಪುಡಿಯಾಗಿ ಕೂತಿತ್ತು, ಅಂಚಿನಲ್ಲಿ ದಪ್ಪ, ನಡುವೆ ತೆಳು.

ಸತುವಿನದ್ದು ಬೇರೆ ಕಥೆ. ಅದು ಲೆಕ್ಕಕ್ಕಿಂತ ಜಾಸ್ತಿ ಸವೆದಿದೆ, ಮೇಲೆಲ್ಲ ಕಪ್ಪು. ತಾಮ್ರದ ಅಯಾನು ಮೆಲ್ಲಗೆ ಮಣ್ಣನ್ನು ದಾಟಿ ಬಂದು ಸತುವಿನ ಮೇಲೇ ಕೂರುತ್ತದೆ. ಥೇಟ್ ಕತ್ತಿಗೆ ಆದ ಹಾಗೆ, ತಂತಿಗೆ ಪಾಲು ಕೊಡದೆ. ಹಿಂದಿನವರು ಸತುವಿಗೆ ಪಾದರಸ ಸವರಿ ಸವೆತ ಕಡಿಮೆ ಮಾಡುತ್ತಿದ್ದರು. ಮಕ್ಕಳು ಓಡಾಡುವ ಮನೆಯಲ್ಲಿ ನಾನು ಪಾದರಸ ಮುಟ್ಟುವುದಿಲ್ಲ. ಮೈಲುತುತ್ತೂ ವಿಷವೇ. ಅಡುಗೆಯ ಪಾತ್ರೆ ಬಳಸಿಲ್ಲ. ಉಳಿದ ನೀರನ್ನು ತೋಡಿಗೆ ಚೆಲ್ಲದೆ, ಹೆಸರು ಬರೆದ ಬಾಟ್ಲಿಯಲ್ಲಿ ಮುಚ್ಚಿಟ್ಟಿದ್ದೇನೆ.

ಮುಂದಿನದು ಕುಡಿಕೆಯೇ ಇಲ್ಲದ ಸೆಲ್. ಮೈಲುತುತ್ತಿನ ದಟ್ಟ ನೀರು ಭಾರ, ತಳದಲ್ಲಿ ನಿಲ್ಲುತ್ತದೆ. ಅದರ ಮೇಲೆ ಜಿಂಕ್ ಸಲ್ಫೇಟಿನ ತೆಳು ನೀರು. ತಳದಲ್ಲಿ ತಾಮ್ರ, ಮೇಲೆ ತೂಗುಹಾಕಿದ ಸತು. ಒಂದು ಕಾಲಕ್ಕೆ ಟೆಲಿಗ್ರಾಫ್ ನಡೆದದ್ದು ಇಂಥ ಸೆಲ್ಲುಗಳ ಮೇಲೆ. ಇದರಿಂದ ಸದಾ ಕರೆಂಟ್ ತೆಗೆಯುತ್ತಲೇ ಇರಬೇಕು, ಸುಮ್ನೆ ಬಿಟ್ಟರೆ ಎರಡೂ ನೀರು ಬೆರೆತುಹೋಗುತ್ತದೆ. ಹಾಗಾಗಿ ಎಲ್‌ಇಡಿಯನ್ನು ಹಗಲೂ ಉರಿಸುವ ಯೋಚನೆ. ಅಗಲ ಬಾಯಿಯ ಗಾಜಿನ ಜಾಡಿ ಸಿಕ್ಕಿದೆ, ಸತುವನ್ನು ತೂಗುಹಾಕುವ ಕೊಕ್ಕೆ ಈ ವಾರ ಬಗ್ಗಿಸಬೇಕು.