ಹದಿನಾರು ತುಂಬುವ ಮೊದಲು

ಬೆಳಗಿನ ಐದೂವರೆ. ಕೆನಡಾದ ಬ್ರಾಂಪ್ಟನ್‌ನ ಐಸ್ ಹಾಕಿ ರಿಂಕ್‌ನಲ್ಲಿ ಮಗ ತುಟಿ ಕಚ್ಚಿಕೊಂಡು ಸ್ಕೇಟ್‌ನ ಲೇಸ್ ಬಿಗಿಯುತ್ತಿದ್ದಾನೆ. ನನ್ನ ಕೈಯಲ್ಲಿ ಫ್ಲಾಸ್ಕಿನ ಕಾಫಿ. ಕೆಲವು ತಿಂಗಳಿಂದ ಮನೆಯಲ್ಲಿ ಒಂದೇ ಮಾತು: ಒಂಟಾರಿಯೊ ಹಾಕಿ ಲೀಗೋ, ಅಮೆರಿಕದ ಕಾಲೇಜೋ?

ಮೊದಲಾಗಿದ್ದರೆ ಒಂದನ್ನು ಹಿಡಿದರೆ ಇನ್ನೊಂದನ್ನು ಬಿಟ್ಟಂತೆಯೇ. ಒಂಟಾರಿಯೊ ಲೀಗ್‌ನಂತಹ ಕೆನಡಾದ ಮೇಜರ್ ಜೂನಿಯರ್ ಲೀಗ್‌ಗಳಲ್ಲಿ, ಅಂದರೆ ಹದಿಹರೆಯದವರ ಅತಿ ಮೇಲಿನ ಹಂತದಲ್ಲಿ, ಆಡಿದವರನ್ನು ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ವೃತ್ತಿಪರರೆಂದು ಎಣಿಸಿ ಹೊರಗಿಡುತ್ತಿತ್ತು. ಮುಂದೆ ದೊಡ್ಡ ವೃತ್ತಿಪರ ತಾರೆಯಾದ ಕೇಲ್ ಮಕಾರ್, ಅದಕ್ಕಿಂತ ಕೆಳಗಿನ ಹಂತದ ಆಲ್ಬರ್ಟಾದ ಜೂನಿಯರ್ ‘ಎ’ ಲೀಗ್‌ನಲ್ಲಿ ಆಡಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಸೇರಿದ್ದು ಆ ಕಾಲದಲ್ಲಿ. 2025ರ ಆಗಸ್ಟ್ 1ರಿಂದ ಆ ನಿಯಮವಿಲ್ಲ. ಮೇಜರ್ ಜೂನಿಯರ್‌ನ ಮೆಡಿಸಿನ್ ಹ್ಯಾಟ್ ತಂಡದಲ್ಲಿದ್ದ ಗ್ಯಾವಿನ್ ಮೆಕೆನ್ನಾ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದ ಸುದ್ದಿಯನ್ನು ಮಗ ನನಗೆ ಎರಡು ಸಲ ಓದಿ ಹೇಳಿದ್ದಾನೆ.

ಆದರೂ ನನ್ನ ಮನಸ್ಸು ಕಾಲೇಜಿನ ಕಡೆಗೇ ವಾಲುತ್ತದೆ. ಒಂಟಾರಿಯೊ ಲೀಗ್‌ನಲ್ಲಿ ಋತುವಿಗೆ 68 ಪಂದ್ಯ, ಚಳಿಗಾಲವಿಡೀ ಬಸ್ ಪ್ರಯಾಣ. ಕಾಲೇಜಿನಲ್ಲಿ ಸುಮಾರು ಅರ್ಧದಷ್ಟು, ಹೆಚ್ಚಾಗಿ ಶುಕ್ರವಾರ, ಶನಿವಾರ. ಓದುವುದಕ್ಕೂ ಮೈ ಬಲಿಯುವುದಕ್ಕೂ ಬಿಡುವಿದೆ. ಅದಕ್ಕಿಂತ ಹೆಚ್ಚಾಗಿ, ಒಂಟಾರಿಯೊ ಲೀಗ್‌ಗೆ ಆಯ್ಕೆಯಾದರೆ ಹದಿನಾರಕ್ಕೇ ಇವನು ಬೇರೆ ಊರಿನಲ್ಲಿ, ಆಟಗಾರರನ್ನು ಇರಿಸಿಕೊಳ್ಳುವ ಯಾವುದೋ ಕುಟುಂಬದ ಜೊತೆ ಇರಬೇಕಾಗಬಹುದು.

ನಿನ್ನೆ ಊಟಕ್ಕೆ ಕುಳಿತಾಗ ತಟ್ಟೆ ನೋಡುತ್ತಲೇ ಕೇಳಿದ: “ಅಮ್ಮ, ಸಾರು ಮಾಡುವುದನ್ನು ನನಗೂ ಕಲಿಸುತ್ತೀಯಾ?”