ಅಕ್ಕನ ಗಿಟಾರಿಗೆ ಹೊಸ ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳು: ಕೆಲಸದ ಟಿಪ್ಪಣಿ

ಮೊದಲ ಶನಿವಾರ

ಅಕ್ಕ ಕಾಲೇಜಿನಲ್ಲಿದ್ದಾಗ ಕೊಂಡು, ಮದುವೆಯಾಗಿ ಹೋಗುವಾಗ ಬಸವನಗುಡಿಯ ಮನೆಯಲ್ಲೇ ಬಿಟ್ಟುಹೋದ ಎಲೆಕ್ಟ್ರಿಕ್ ಗಿಟಾರು ಕಳೆದ ಮಳೆಗಾಲದಿಂದ ಕರಕರಗುಟ್ಟುತ್ತಿದೆ. 1954ರಲ್ಲಿ ಫೆಂಡರ್ ಹೊರತಂದ ಸ್ಟ್ರಾಟೊಕ್ಯಾಸ್ಟರಿನಂತೆಯೇ ಇದಕ್ಕೂ ಮೂರು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಒಂದು ವಾಲ್ಯೂಮ್ ನಾಬ್, ಎರಡು ಟೋನ್ ನಾಬ್. ವಾಲ್ಯೂಮ್ ನಾಬನ್ನು 7ರಿಂದ 8ಕ್ಕೆ ತಿರುಗಿಸುವಷ್ಟರಲ್ಲಿ ಆಂಪ್ಲಿಫೈಯರಿನಿಂದ ಒಣ ಎಲೆ ತುಳಿದಂಥ ಸದ್ದು ಬರುತ್ತದೆ. ನಡುವಿನ ಟೋನ್ ನಾಬನ್ನು ಮುಟ್ಟಿದರೆ ಧ್ವನಿ ಒಮ್ಮೆಲೇ ಮಂಕಾಗಿ, ಮರುಕ್ಷಣ ತಿಳಿಯಾಗುತ್ತದೆ.

ತಂತಿಗಳನ್ನು ಸಡಿಲಿಸಿ ತೆಗೆದು, ಮುಂಭಾಗದ ಪ್ಲಾಸ್ಟಿಕ್ ಹಲಗೆಯಾದ ಪಿಕ್‌ಗಾರ್ಡಿನ ಸ್ಕ್ರೂಗಳನ್ನು ಬಿಚ್ಚಿ ಅದನ್ನು ಮಗುಚಿ ಹಾಕಿದೆ. ಪಾಟ್ ಎಂದರೆ ನಾಬಿನ ಕೆಳಗಿರುವ, ತಿರುಗಿಸಿದಂತೆ ವಿದ್ಯುತ್ ರೋಧ ಬದಲಾಗುವ ಭಾಗ. ಅದರ ಒಳಗಿರುವುದು ಕುದುರೆ ಲಾಳದ ಆಕಾರದ ಒಂದು ಇಂಗಾಲದ ಪಟ್ಟಿ ಮತ್ತು ಅದರ ಮೇಲೆ ಜಾರುವ ಲೋಹದ ನಾಲಿಗೆ. ಧೂಳು ಕೂತಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಿಪ್ಪತ್ತು ಸಲ ತಿರುಗಿಸಿದರೆ ಸರಿಹೋಗುತ್ತದೆ; ಪಟ್ಟಿಯೇ ಸವೆದಿದ್ದರೆ ಯಾವ ದ್ರವವೂ ಅದನ್ನು ಮರಳಿ ಕೊಡಲಾರದು. ಈ ಮೊದಲೇ ಸಿಂಪಡಿಸಿ ನೋಡಿದ್ದ ಕ್ಲೀನರಿನಿಂದ ಸಿಕ್ಕಿದ್ದು ಕರಕರವಿಲ್ಲದ ಎರಡು ದಿನ ಮಾತ್ರ. ಆದ್ದರಿಂದ ವಾಲ್ಯೂಮ್ ಪಾಟಿನ ವೈರುಗಳನ್ನು ಬಿಡಿಸಿ, ಮಲ್ಟಿಮೀಟರಿನ ಒಂದು ಮೊನೆಯನ್ನು ನಡುವಿನ ಕಾಲಿಗೂ ಇನ್ನೊಂದನ್ನು ಗ್ರೌಂಡಿನ ಕಾಲಿಗೂ ಹಿಡಿದು ನಿಧಾನವಾಗಿ ತಿರುಗಿಸಿದೆ. ಓಮ್‌ಗಳು ಕ್ರಮವಾಗಿ ಏರುತ್ತಾ ಬಂದು, ಮುಕ್ಕಾಲು ಸುತ್ತಿನ ಹತ್ತಿರ ಒಂದೇ ಏಟಿಗೆ ಸಂಪರ್ಕ ಕಡಿದ ಸರ್ಕಿಟ್ಟಿನಂತೆ ಜಿಗಿದು, ಮತ್ತೆ ಕೆಳಗಿಳಿದವು. ಸವೆತ ಖಚಿತವಾಯಿತು.

ಅದೇ ಅಳತೆಯಲ್ಲಿ ನಾನು ನಿರೀಕ್ಷಿಸದ ಇನ್ನೊಂದು ಸಂಗತಿ ಕಂಡಿತು. ಪೂರ್ತಿ ಪಾಟಿನ ಅಳತೆ 228 ಕಿಲೋ ಓಮ್, ಸರಿಯಾಗಿ ಅರ್ಧ ತಿರುಗಿಸಿದಾಗ 113. ಅಂದರೆ ಇದು ತಿರುಗಿಸಿದಷ್ಟೇ ಪ್ರಮಾಣದಲ್ಲಿ ರೋಧ ಬದಲಾಗುವ ಲೀನಿಯರ್ ಪಾಟ್. ಬೆನ್ನ ಮೇಲೆ ಅಚ್ಚಾಗಿದ್ದ ‘ಬಿ’ ಅಕ್ಷರದ ಅರ್ಥವೂ ಅದೇ. ಲೀನಿಯರ್ ಪಾಟನ್ನು ಅರ್ಧಕ್ಕಿಳಿಸಿದರೆ ಸಂಕೇತದ ವೋಲ್ಟೇಜ್ ಅರ್ಧವಾಗುತ್ತದೆ, ಡೆಸಿಬೆಲ್ಲಿನಲ್ಲಿ ಹೇಳುವುದಾದರೆ 6ರಷ್ಟು ಕುಗ್ಗುತ್ತದೆ. ಕಿವಿಗೆ ಸದ್ದು ಅರ್ಧವಾಯಿತು ಎನ್ನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು. ಹಾಗಾಗಿ ನಾಬ್ 10ರಿಂದ 4ಕ್ಕೆ ಬರುವವರೆಗೆ ಹೆಚ್ಚೇನೂ ಆಗದೆ, ಕೊನೆಯ ಎರಡು ಅಂಕಿಗಳಲ್ಲಿ ಎಲ್ಲವೂ ಕುಸಿದುಬೀಳುತ್ತಿತ್ತು. ಸಂಜೆ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ, “ಅದು ತಂದ ದಿನದಿಂದ್ಲೂ ಹಾಗೇ ಕಣೋ, ನಾನು ಆ ನಾಬ್ ಮುಟ್ಟುತ್ತಲೇ ಇರ್ಲಿಲ್ಲ” ಎಂದಳು. ಇಷ್ಟು ವರ್ಷ ಅವಳ ಕೈಗೆ ಆ ನಾಬ್ ಒದಗಲೇ ಇಲ್ಲವಲ್ಲ ಎಂದು ನನಗೆ ನಿಜಕ್ಕೂ ಬೇಸರವಾಯಿತು.

ಎರಡನೆಯ ಶನಿವಾರ

ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌.ಪಿ. ರಸ್ತೆಗೆ ನಡೆದೆ. ನಾನು ವಿಚಾರಿಸಿದ ಅಂಗಡಿಗಳಲ್ಲಿ ಸಿಕ್ಕಿದ್ದು 16 ಮಿ.ಮೀ. ಅಗಲದ ಲೀನಿಯರ್ ಪಾಟ್‌ಗಳು ಮಾತ್ರ. “ಬಿ ಇದೆ ಸರ್, ಎ ಯಾರೂ ಕೇಳಲ್ಲ” ಎಂದರು ಒಬ್ಬರು. ಬೆಸುಗೆಯ ತಂತಿಯನ್ನೂ 60 ವ್ಯಾಟಿನ ಸೋಲ್ಡರಿಂಗ್ ಐರನ್ನನ್ನೂ ಅಲ್ಲೇ ಕೊಂಡು, 250 ಕಿಲೋ ಓಮಿನ, 24 ಮಿ.ಮೀ. ಅಗಲದ ಮೂರು ಆಡಿಯೋ ಟೇಪರ್ (ಕಿವಿಯ ಗ್ರಹಿಕೆಗೆ ಹೊಂದುವಂತೆ ಬದಲಾಗುವ, ಅಂದರೆ ‘ಎ’) ಪಾಟ್‌ಗಳನ್ನು ಗಿಟಾರಿನ ಬಿಡಿಭಾಗ ಮಾರುವವರಿಂದ ಕೊರಿಯರಿನಲ್ಲಿ ತರಿಸಿದೆ. ಇದರಲ್ಲಿರುವಂಥ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗಳಿಗೆ 250 ರೂಢಿಯ ಮೌಲ್ಯ; 500 ಹಾಕಿದರೆ ಧ್ವನಿ ಇನ್ನೂ ಚೂಪಾಗುತ್ತದೆ, ಅದು ನನಗೆ ಬೇಕಿರಲಿಲ್ಲ. ಬಂದ ಮೂರರಲ್ಲಿ ವಾಲ್ಯೂಮಿಗೆ ಆರಿಸಿಕೊಂಡದ್ದರ ಪೂರ್ತಿ ಅಳತೆ 261, ಅರ್ಧ ಸುತ್ತಿನಲ್ಲಿ 27. ಅರ್ಧಕ್ಕೆ ತಿರುಗಿಸಿದರೆ ಇಲ್ಲಿ ಸುಮಾರು 20 ಡೆಸಿಬೆಲ್ ಇಳಿಯುತ್ತದೆ.

ಭಾನುವಾರ

ಹೊಸ ಪಾಟ್‌ಗಳ ಕುತ್ತಿಗೆ ಸುಮಾರು 9.5 ಮಿ.ಮೀ., ಪಿಕ್‌ಗಾರ್ಡಿನ ರಂಧ್ರ ಅದಕ್ಕಿಂತ ಕಿರಿದು. ಡ್ರಿಲ್ ಬಳಸಿದರೆ ಪ್ಲಾಸ್ಟಿಕ್ ಸೀಳುವ ಭಯವಿತ್ತಾದ್ದರಿಂದ ಕೈಯಿಂದ ತಿರುಗಿಸುವ ರೀಮರಿನಲ್ಲಿ ಸ್ವಲ್ಪ ಸ್ವಲ್ಪವೇ ಹಿಗ್ಗಿಸಿದೆ. ಹಳೆಯ ನಾಬ್‌ಗಳೂ ಹೊಸ ದಂಡಕ್ಕೆ ಕೂರಲಿಲ್ಲ, ಹಲ್ಲುಗಳ ಲೆಕ್ಕ ಬೇರೆ.

ಬೆಸುಗೆಯಲ್ಲಿ ಕಷ್ಟದ ಭಾಗ ಪಾಟಿನ ಬೆನ್ನು. ಗ್ರೌಂಡ್ ವೈರುಗಳೆಲ್ಲ ಅಲ್ಲಿಗೇ ಬರುತ್ತವೆ, ಆದರೆ ಆ ಲೋಹದ ಮುಚ್ಚಳ ಶಾಖವನ್ನೆಲ್ಲ ಹೀರಿಕೊಂಡು ಬೆಸುಗೆ ಹರಿಯಲು ಬಿಡುವುದಿಲ್ಲ. ಮನೆಯಲ್ಲಿದ್ದ 25 ವ್ಯಾಟಿನ ಐರನ್ನನ್ನು ಬಹಳ ಹೊತ್ತು ಒತ್ತಿ ಹಿಡಿಯುವುದಕ್ಕಿಂತ 60 ವ್ಯಾಟಿನದನ್ನು ಮೂರು ನಾಲ್ಕು ಸೆಕೆಂಡು ಮುಟ್ಟಿಸುವುದೇ ಒಳಗಿನ ಇಂಗಾಲದ ಪಟ್ಟಿಗೆ ಕ್ಷೇಮ. ಬೆನ್ನನ್ನು ಮರಳು ಕಾಗದದಿಂದ ಉಜ್ಜಿ, ಪಿಕ್‌ಗಾರ್ಡಿಗೆ ಕೂರಿಸುವ ಮೊದಲೇ ಮೇಜಿನ ಮೇಲೆ ಒಂದೊಂದು ಹನಿ ಬೆಸುಗೆ ಹಿಡಿಸಿಟ್ಟೆ. ಆಮೇಲೆ ವೈರು ಅಂಟಿಸುವುದು ಕ್ಷಣದ ಕೆಲಸವಾಯಿತು. 473 ಎಂದು ಅಚ್ಚಾಗಿದ್ದ ಹಳೆಯ ಟೋನ್ ಕೆಪಾಸಿಟರನ್ನೇ, ಅಂದರೆ 0.047 ಮೈಕ್ರೋಫ್ಯಾರಡಿನದನ್ನೇ, ಮರಳಿ ಹಾಕಿದೆ. ಅದು ಪಾಟಿನಂತೆ ಉಜ್ಜಿ ಸವೆಯುವ ವಸ್ತುವಲ್ಲ.

ತಂತಿ ಏರಿಸುವ ಮುನ್ನ ಕೇಬಲ್ ಚುಚ್ಚಿ, ಸ್ಕ್ರೂಡ್ರೈವರಿನಿಂದ ಪಿಕಪ್‌ಗಳನ್ನು ಮೆಲ್ಲನೆ ತಟ್ಟಿದಾಗ ಮೂರೂ ಟಕ್ ಟಕ್ ಎಂದವು. ಪಿಕ್‌ಗಾರ್ಡನ್ನು ಸ್ಕ್ರೂ ಹಾಕಿ ಕೂರಿಸಿದ ಮೇಲೆ ಮಾತ್ರ ಪೂರ್ತಿ ನಿಶ್ಶಬ್ದ. ಒಂದು ಗಂಟೆ ಹುಡುಕಿದ ನಂತರ ಕಾರಣ ಸಿಕ್ಕಿತು: ಅಗಲ ಹೆಚ್ಚಿದ ಹೊಸ ಪಾಟಿನ ಕಾಲು ಗುಳಿಯ ಗೋಡೆಗೆ ಅಂಟಿಸಿದ್ದ ತಾಮ್ರದ ಹಾಳೆಗೆ ತಾಗಿ, ಸಂಕೇತವೆಲ್ಲ ಗ್ರೌಂಡಿಗೆ ಹರಿದುಹೋಗುತ್ತಿತ್ತು. ಪಾಟನ್ನು ಕೊಂಚ ಒಳಮುಖವಾಗಿ ತಿರುಗಿಸಿ, ಗೋಡೆಗೆ ಎರಡು ಪದರ ಇನ್ಸುಲೇಷನ್ ಟೇಪ್ ಹಚ್ಚಿದೆ.

ಮೂರನೆಯ ಶನಿವಾರ

ಕರಕರ ಇಲ್ಲ. ನಾಬ್ 10ರಿಂದ ಕೆಳಗೆ ಒಂದೊಂದು ಅಂಕಿ ಇಳಿದಂತೆ ಸದ್ದೂ ಒಂದೊಂದು ಮೆಟ್ಟಿಲು ಇಳಿಯುತ್ತದೆ, ನುಡಿಸುತ್ತಲೇ ಕಿರುಬೆರಳಿನಿಂದ ಇಳಿಸಬಹುದು. ಆದರೆ 5ಕ್ಕಿಂತ ಕೆಳಗೆ ಧ್ವನಿ ಸ್ವಲ್ಪ ಮಬ್ಬಾಗುತ್ತದೆ, ಏಕೆಂದರೆ ಪಿಕಪ್ಪಿಗೂ ಕೇಬಲ್ಲಿಗೂ ನಡುವೆ ಸೇರಿಕೊಂಡ ರೋಧವು ಕೇಬಲ್ಲಿನ ಕೆಪಾಸಿಟೆನ್ಸಿನೊಂದಿಗೆ ಕೂಡಿ ಮೇಲಿನ ಸ್ವರಾಂಶಗಳನ್ನು ತಡೆಯುತ್ತದೆ. ಇದಕ್ಕೆ ವಾಲ್ಯೂಮ್ ಪಾಟಿನ ಮೇಲೆ 680 ಪಿಕೋಫ್ಯಾರಡ್ ಕೆಪಾಸಿಟರನ್ನೂ 150 ಕಿಲೋ ಓಮ್ ರೆಸಿಸ್ಟರನ್ನೂ ಸಮಾನಾಂತರವಾಗಿ ಸೇರಿಸುವ ಪದ್ಧತಿ ಇದೆ. ಎರಡೂ ಡಬ್ಬಿಯಲ್ಲಿವೆ, ದಸರೆಗೆ ಬರುವ ಅಕ್ಕ ಮೊದಲು ಈಗಿರುವ ಹಾಗೆಯೇ ನುಡಿಸಿ ನೋಡಲಿ ಎಂದು ಪಿಕ್‌ಗಾರ್ಡನ್ನು ಮತ್ತೆ ಬಿಚ್ಚಿಲ್ಲ.