ರಾಯಚೂರಿನ ಬಿಸಿಲಿಗೆ ಹೊಂದುವ ಸೌರ ಪ್ಯಾನೆಲ್: ಎಲ್‌ಟಿಸ್ಪೈಸ್‌ನಲ್ಲಿ ನಾವೇ ಮಾಡಿಕೊಳ್ಳುವ ಬಿಡಿಭಾಗ

ಹೊಲದಲ್ಲಿ ಈಗಾಗಲೇ ಇರುವ 5 ಎಚ್‌ಪಿ, 415 ವೋಲ್ಟಿನ ಪಂಪ್‌ಸೆಟ್ಟನ್ನು ಸೌರ ಪ್ಯಾನೆಲ್ಲಿಗೆ ಜೋಡಿಸಬಹುದೇ ಎಂದು ಸಿಂಧನೂರು, ಮಾನ್ವಿ, ದೇವದುರ್ಗದ ಕಡೆ ಕೇಳುವವರು ಬಹಳ. ಉತ್ತರ ಹುಡುಕಲು ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಎಲ್‌ಟಿಸ್ಪೈಸ್ ಎಂಬ ತಂತ್ರಾಂಶ ಸಾಕು, ಅದು ಉಚಿತವೂ ಹೌದು. ಆದರೆ ಹೆಚ್ಚಿನ ಪ್ರಾಜೆಕ್ಟುಗಳಲ್ಲಿ ಪ್ಯಾನೆಲ್ಲಿನ ಜಾಗದಲ್ಲಿ ಒಂದು ಡಿಸಿ ವೋಲ್ಟೇಜ್ ಮೂಲವನ್ನು ಇಟ್ಟುಬಿಟ್ಟಿರುತ್ತಾರೆ. ವೋಲ್ಟೇಜ್ ಮೂಲ ಕೇಳಿದಷ್ಟು ಕರೆಂಟ್ ಕೊಡುತ್ತದೆ, ಕಾಯುವುದಿಲ್ಲ, ನೆರಳಿಗೆ ಬಾಡುವುದಿಲ್ಲ. ಅಂಥ ಸರ್ಕ್ಯೂಟಿನಿಂದ ಪಂಪಿನ ಬಗ್ಗೆ ಏನೂ ತಿಳಿಯದು. ಪ್ಯಾನೆಲ್ಲನ್ನು ನಾವೇ ಮಾಡಿಕೊಳ್ಳಬೇಕು.

ಬೇಕಾದ ಅಂಕಿಗಳು ಪ್ಯಾನೆಲ್ಲಿನ ಬೆನ್ನಿಗಂಟಿದ ಚೀಟಿಯಲ್ಲೂ ಡೇಟಾಶೀಟಿನಲ್ಲೂ ಇರುತ್ತವೆ. ಉದಾಹರಣೆಗೆ 72 ಸೆಲ್ಲಿನ, 325 ವ್ಯಾಟಿನ ಪ್ಯಾನೆಲ್ ತೆಗೆದುಕೊಳ್ಳೋಣ: ತೆರೆದ ತುದಿಯ ವೋಲ್ಟೇಜ್ 46, ಶಾರ್ಟ್ ಮಾಡಿದಾಗಿನ ಕರೆಂಟ್ 9.2 ಆಂಪಿಯರ್, ಡಿಗ್ರಿಗೆ ವೋಲ್ಟೇಜ್ ಇಳಿಕೆ ಶೇ. 0.31, ಕರೆಂಟ್ ಏರಿಕೆ ಶೇ. 0.05. ಇವೆಲ್ಲ ಸೆಲ್ 25 ಡಿಗ್ರಿ ಇದ್ದಾಗಿನ ಮಾತು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಸೆಲ್ ಎಷ್ಟು ಕಾಯುತ್ತದೆ? ಡೇಟಾಶೀಟಿನಲ್ಲಿ ಎನ್‌ಒಸಿಟಿ (ಗಾಳಿ 20 ಡಿಗ್ರಿ, ಬಿಸಿಲು ಚದರ ಮೀಟರಿಗೆ 800 ವ್ಯಾಟ್ ಇದ್ದಾಗಿನ ಸೆಲ್ಲಿನ ಉಷ್ಣತೆ) 45 ಎಂದಿದ್ದರೆ, ಅದರಲ್ಲಿ 20 ಕಳೆದು, 800ರಿಂದ ಭಾಗಿಸಿ, ಬಿಸಿಲಿನ 1000 ವ್ಯಾಟಿನಿಂದ ಗುಣಿಸಿದರೆ 31 ಡಿಗ್ರಿ ಬರುತ್ತದೆ. ಗಾಳಿಯ 42 ಡಿಗ್ರಿಗೆ ಅದನ್ನು ಕೂಡಿಸಿದರೆ 73. ಮುಂದಿನ ಲೆಕ್ಕವೆಲ್ಲ ಈ 73ರ ಸುತ್ತಲೇ ಇದೆ.

ಇನ್ನು ಫೈಲು. ನೋಟ್‌ಪ್ಯಾಡಿನಲ್ಲಿ ಬರೆದು ಡಾಟ್ ಲಿಬ್ ಎಂಬ ಕೊನೆಹೆಸರಿನಿಂದ ಉಳಿಸಿ. ನೋಟ್‌ಪ್ಯಾಡ್ ತಾನಾಗಿ ಹಿಂದೆ ಡಾಟ್ ಟಿಎಕ್ಸ್‌ಟಿ ಸೇರಿಸಿಬಿಡುತ್ತದೆ, ವಿಂಡೋಸ್ ಅದನ್ನು ಮರೆಮಾಡಿರುತ್ತದೆ, ಅದನ್ನೊಮ್ಮೆ ನೋಡಿಕೊಳ್ಳಿ. ಇಲ್ಲಿ ಹೆಸರುಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಇರಬೇಕು. ಮೊದಲ ಸಾಲು ಡಾಟ್ ಸಬ್‌ಸಿಕೆಟಿ (ಸಬ್‌ಸರ್ಕ್ಯೂಟ್, ಅಂದರೆ ಒಳಸರ್ಕ್ಯೂಟ್), ನಂತರ ಬಿಡಿಭಾಗದ ಹೆಸರು, ನಂತರ ಮೂರು ತುದಿಗಳು: ಪಿ (ಧನ), ಎಂ (ಋಣ), ಜಿ (ಬಿಸಿಲು). ಅದೇ ಸಾಲಿನಲ್ಲಿ ಪ್ಯಾರಾಮ್ಸ್ ಎಂದು ಬರೆದು, ಕೋಲನ್ ಹಾಕಿ, ಮೇಲಿನ ಅಂಕಿಗಳನ್ನೂ ಟಿಸೆಲ್ ಎಂಬ ಹೆಸರಿನಲ್ಲಿ ಸೆಲ್ಲಿನ ಉಷ್ಣತೆಯನ್ನೂ ಕೊಡಿ. ಇಲ್ಲಿ ಬರೆದದ್ದನ್ನು ಆಮೇಲೆ ಸ್ಕೀಮ್ಯಾಟಿಕ್ಕಿನಿಂದ ಬದಲಿಸಬಹುದು.

ಒಳಗೆ ನಾಲ್ಕೇ ಭಾಗಗಳು. ಎಂನಿಂದ ಒಳತುದಿ ಡಿಗೆ ಕರೆಂಟ್ ತಳ್ಳುವ ಒಂದು ಬಿ ಮೂಲ (ಬೆಲೆಯನ್ನು ಸೂತ್ರವಾಗಿ ಬರೆಯಬಹುದಾದ ಮೂಲ), ಅದರ ಬೆಲೆ ಶಾರ್ಟ್ ಕರೆಂಟ್ ಗುಣಿಸು ಜಿಯ ವೋಲ್ಟೇಜ್. ಜಿಗೆ 1 ವೋಲ್ಟ್ ಕೊಟ್ಟರೆ ಚದರ ಮೀಟರಿಗೆ 1000 ವ್ಯಾಟ್ ಬಿಸಿಲು, 0.3 ಕೊಟ್ಟರೆ ಮೋಡ. ಡಿಯಿಂದ ಎಂಗೆ ಒಂದು ಡಯೋಡ್, ಅದರ ಜೊತೆಗೆ ಸಮಾಂತರವಾಗಿ 400 ಓಮ್. ಡಿಯಿಂದ ಪಿಗೆ 0.25 ಓಮ್. ಕೊನೆಗೆ ಡಯೋಡಿನ ಮಾಡೆಲ್ ಸಾಲು ಮತ್ತು ಡಾಟ್ ಎಂಡ್ಸ್. ಜಿಯನ್ನು ಎಂಗೆ ಹೋಲಿಸಿ ಬರೆಯಬೇಡಿ. ಹಾಗೆ ಬರೆದರೆ ಒಂದೇ ಪ್ಯಾನೆಲ್ ಇರುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ, ಸೀರೀಸಿನಲ್ಲಿ ಜೋಡಿಸಿದ ಕೂಡಲೇ ಮೇಲಿನ ಪ್ಯಾನೆಲ್ಲುಗಳ ಬಿಸಿಲು ತಪ್ಪಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಗುಂಡಿ ಇರುವುದು ಆ ಡಯೋಡಿನಲ್ಲೇ. 72 ಸೆಲ್‌ಗಳನ್ನು ಒಂದೇ ಡಯೋಡಿನಲ್ಲಿ ತೋರಿಸಲು ಎನ್ ಎಂಬ ಬೆಲೆಗೆ (ಡಯೋಡಿನ ಐಡಿಯಾಲಿಟಿ ಗುಣಾಂಕ, ಒಂದು ಸೆಲ್ಲಿಗೆ 1.1) 1.1 ಗುಣಿಸು 72, ಅಂದರೆ 79.2 ಕೊಡುತ್ತೇವೆ. 25 ಡಿಗ್ರಿಯಲ್ಲಿ 46 ವೋಲ್ಟ್ ಬರಬೇಕಾದರೆ ಐಎಸ್ (ಡಯೋಡಿನ ಸ್ಯಾಚುರೇಶನ್ ಕರೆಂಟ್) 1.4 ನ್ಯಾನೋ ಆಂಪಿಯರ್ ಇರಬೇಕು. ಇಲ್ಲಿಗೆ ಬಿಟ್ಟು ಉಷ್ಣತೆ 73 ಮಾಡಿ ನೋಡಿ: ವೋಲ್ಟೇಜ್ ಇಳಿಯುವ ಬದಲು 53 ದಾಟುತ್ತದೆ! ಕಾರಣ ಸ್ಪೈಸಿನ ಸೂತ್ರದಲ್ಲಿದೆ. ಬಿಸಿಯಾದಂತೆ ಐಎಸ್ ಎಷ್ಟು ಏರಬೇಕು ಎಂಬುದನ್ನು ಅದು ಇಜಿಯನ್ನು (ಸಿಲಿಕಾನಿನ ಬ್ಯಾಂಡ್ ಗ್ಯಾಪ್, 1.11) ಎನ್‌ನಿಂದ ಭಾಗಿಸಿ ತೀರ್ಮಾನಿಸುತ್ತದೆ. 1.11ನ್ನು 79.2ರಿಂದ ಭಾಗಿಸಿದರೆ ಉಳಿಯುವುದು ಏನೂ ಇಲ್ಲ. ಐಎಸ್ ನಿಂತಲ್ಲೇ ನಿಲ್ಲುತ್ತದೆ, ಥರ್ಮಲ್ ವೋಲ್ಟೇಜ್ (ಡಯೋಡಿನ ಸೂತ್ರದಲ್ಲಿ ಉಷ್ಣತೆಯ ಜೊತೆ ಏರುವ ಬೆಲೆ) ಮಾತ್ರ ಏರುತ್ತದೆ. ಹೀಗಾಗಿ ಸೆಲ್ ಕಾದಷ್ಟೂ ಪ್ಯಾನೆಲ್ ಬಲವಾಗುತ್ತದೆ ಎಂದು ಸಿಮ್ಯುಲೇಶನ್ ಹೇಳುತ್ತದೆ. ನಮ್ಮ ಊರಿಗೆ ಇದಕ್ಕಿಂತ ಕೆಟ್ಟ ತಪ್ಪು ಬೇರೊಂದಿಲ್ಲ.

ಪರಿಹಾರವಿದು. ಐಎಸ್ ಲೆಕ್ಕವನ್ನು ಡಯೋಡಿಗೆ ಬಿಡದೆ ನಾವೇ ಡಾಟ್ ಪ್ಯಾರಾಮ್ ಸಾಲುಗಳಲ್ಲಿ ಮಾಡುವುದು. ಚೀಟಿಯ ಶೇಕಡಾವಾರಿನಿಂದ ಆ ಉಷ್ಣತೆಯ ವೋಲ್ಟೇಜನ್ನೂ ಕರೆಂಟನ್ನೂ ಮೊದಲು ತೆಗೆಯಿರಿ. ಟಿಸೆಲ್‌ಗೆ 273.15 ಕೂಡಿಸಿ 0.00008617ರಿಂದ ಗುಣಿಸಿದರೆ ಥರ್ಮಲ್ ವೋಲ್ಟೇಜ್. ತೆರೆದ ವೋಲ್ಟೇಜನ್ನು ಎನ್ ಗುಣಿಸು ಥರ್ಮಲ್ ವೋಲ್ಟೇಜಿನಿಂದ ಭಾಗಿಸಿ, ಅದರ ಎಕ್ಸ್‌ಪೊನೆನ್ಷಿಯಲ್‌ನಿಂದ ಶಾರ್ಟ್ ಕರೆಂಟನ್ನು ಭಾಗಿಸಿದರೆ ಐಎಸ್ ಸಿಕ್ಕಿತು. ಅದನ್ನು ಹೂಬ್ರಾಕೆಟ್ಟಿನಲ್ಲಿ ಮಾಡೆಲ್ ಸಾಲಿಗೆ ಕೊಡಿ. ಡಯೋಡಿನ ಸಾಲಿನಲ್ಲಿ ಟೆಂಪ್, ಮಾಡೆಲ್ಲಿನಲ್ಲಿ ಟಿನಾಮ್ (ಮಾಡೆಲ್ಲಿನ ಬೆಲೆಗಳು ಯಾವ ಉಷ್ಣತೆಯವು ಎಂಬುದು), ಎರಡಕ್ಕೂ ಟಿಸೆಲ್ ಬೆಲೆಯನ್ನೇ ಇಡಿ. ಎರಡೂ ಒಂದೇ ಆದಾಗ ಸ್ಪೈಸ್ ತನ್ನ ತಿದ್ದುಪಡಿ ಮಾಡಲು ಏನೂ ಉಳಿಯುವುದಿಲ್ಲ. ಡಯೋಡಿನ ಬದಲು ಇಡೀ ಸೂತ್ರವನ್ನು ಬಿ ಮೂಲದಲ್ಲೇ ಬರೆಯಬಹುದಲ್ಲ ಎನ್ನಿಸಬಹುದು. ಬರೆಯಬಹುದು, ಆದರೆ ಡಯೋಡಿಗೆ ಇರುವ ಒಳಗಿನ ಕಡಿವಾಣ ಅದಕ್ಕಿಲ್ಲ, ಎಕ್ಸ್‌ಪೊನೆನ್ಷಿಯಲ್ ಕೈಮೀರಿ ಸಿಮ್ಯುಲೇಶನ್ ಅಲ್ಲೇ ಮುಗ್ಗರಿಸಬಹುದು.

ಸಮಾಂತರ ರೆಸಿಸ್ಟರ್ ಬೇಡವೆಂದು ದೊಡ್ಡ ಬೆಲೆ ಕೊಡಲು ಹೊರಟವರು 1 ಎಂ ಎಂದು ಬರೆಯುತ್ತಾರೆ. ಸ್ಪೈಸಿನಲ್ಲಿ ದೊಡ್ಡ ಎಂ, ಸಣ್ಣ ಎಂ ಎರಡೂ ಮಿಲಿಯೇ. ಆಗ ಪ್ಯಾನೆಲ್ಲಿನ ಮೇಲೆ 1 ಮಿಲಿಓಮ್ ಕೂತು ಇಡೀ ಪ್ಯಾನೆಲ್ 9 ಮಿಲಿವೋಲ್ಟ್ ತೋರಿಸುತ್ತದೆ. ಮೆಗಾ ಬೇಕಾದರೆ ಮೂರಕ್ಷರದ ಮೆಗ್ ಬರೆಯಬೇಕು.

ಚಿಹ್ನೆ ಮಾಡುವುದು ಸುಲಭ. ಲಿಬ್ ಫೈಲನ್ನು ಎಲ್‌ಟಿಸ್ಪೈಸ್‌ನಲ್ಲೇ ತೆರೆದು, ಸಬ್‌ಸಿಕೆಟಿ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಕ್ರಿಯೇಟ್ ಸಿಂಬಲ್ ಒತ್ತಿದರೆ ಚೌಕಾಕಾರದ ಚಿಹ್ನೆ ತಯಾರು. ಬಿಡಿಭಾಗಗಳ ಪಟ್ಟಿ ತೆರೆದರೆ ಆಟೋಜನರೇಟೆಡ್ ಫೋಲ್ಡರಿನಲ್ಲಿ ಸಿಗುತ್ತದೆ. ಆದರೆ ಅದರ ಮಾಡೆಲ್‌ಫೈಲ್ ಎಂಬ ಜಾಗದಲ್ಲಿ ನಿಮ್ಮ ಕಂಪ್ಯೂಟರಿನ ಪೂರ್ತಿ ದಾರಿ ಬರೆದುಕೊಂಡಿರುತ್ತದೆ. ಗೆಳೆಯರಿಗೆ ಕಳಿಸಿದಾಗ ಅವರಲ್ಲಿ ಸರ್ಕ್ಯೂಟ್ ಓಡದೆ ದೂರು ಬರುವುದು ಇದರಿಂದಲೇ. ಅಲ್ಲಿ ಫೈಲಿನ ಹೆಸರನ್ನಷ್ಟೇ ಉಳಿಸಿ, ಲಿಬ್ ಫೈಲನ್ನೂ ಚಿಹ್ನೆಯನ್ನೂ ಸ್ಕೀಮ್ಯಾಟಿಕ್ಕಿನ ಫೋಲ್ಡರಿನಲ್ಲೇ ಇಡಿ. ಚಿಹ್ನೆಯನ್ನು ಕೈಯಲ್ಲಿ ಬಿಡಿಸುವವರು ಪ್ರಿಫಿಕ್ಸ್ ಎಕ್ಸ್ ಇದೆಯೇ, ಪಿನ್ನುಗಳ ನೆಟ್‌ಲಿಸ್ಟ್ ಕ್ರಮ 1, 2, 3 ಎಂದು ಪಿ, ಎಂ, ಜಿಗೆ ಹೊಂದಿದೆಯೇ ನೋಡಬೇಕು. ಕ್ರಮ ತಪ್ಪಿದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಉತ್ತರ ಮಾತ್ರ ತಪ್ಪಿರುತ್ತದೆ.

ಪಂಪಿಗೆ ಜೋಡಿಸುವ ಮುಂಚೆ ಒಂಟಿ ಪ್ಯಾನೆಲ್ಲನ್ನು ಪರೀಕ್ಷಿಸಿ. ಅದರ ತುದಿಗಳಿಗೆ ಒಂದು ವೋಲ್ಟೇಜ್ ಮೂಲ ಹಾಕಿ, ಎಂಗೆ ಗ್ರೌಂಡ್, ಜಿಗೆ 1 ವೋಲ್ಟ್ ಕೊಟ್ಟು, 0ಯಿಂದ 47ರವರೆಗೆ 0.1ರ ಹೆಜ್ಜೆಯಲ್ಲಿ ಡಿಸಿ ಸ್ವೀಪ್ ಮಾಡಿ. 25 ಡಿಗ್ರಿಯಲ್ಲಿ ಸೊನ್ನೆ ವೋಲ್ಟಿಗೆ 9.2 ಆಂಪಿಯರ್, 46ರ ಹತ್ತಿರ ಕರೆಂಟ್ ಸೊನ್ನೆ, ನಡುವೆ 37.8 ವೋಲ್ಟಿನ ಆಸುಪಾಸಿನಲ್ಲಿ 326 ವ್ಯಾಟ್ ಬರಬೇಕು. ಬೇರೆ ಪ್ಯಾನೆಲ್ಲಾದರೆ ಚೀಟಿಯ ವ್ಯಾಟಿಗೆ ಹೊಂದುವವರೆಗೆ 0.25 ಓಮನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ. ಆಮೇಲೆ ಟಿಸೆಲ್ 73 ಇಡಿ: ತೆರೆದ ವೋಲ್ಟೇಜ್ 39, ಗರಿಷ್ಠ ಶಕ್ತಿ 266 ವ್ಯಾಟ್, ಅದೂ 31 ವೋಲ್ಟಿನಲ್ಲಿ.

ಈಗ 15 ಪ್ಯಾನೆಲ್ಲುಗಳ ಸಾಲು ಕಟ್ಟಿ. 25 ಡಿಗ್ರಿಯಲ್ಲಿ ಗರಿಷ್ಠ ಶಕ್ತಿಯ ವೋಲ್ಟೇಜ್ 567, ಡ್ರೈವಿನಿಂದ (ಪ್ಯಾನೆಲ್ಲಿನ ಡಿಸಿಯನ್ನು ಮೋಟಾರಿಗೆ ಬೇಕಾದ ಎಸಿಯಾಗಿ ಮಾಡುವ ಸಾಧನ) 400 ವೋಲ್ಟ್ ಮೂರು ಫೇಸ್ ಹೊರಡುತ್ತದೆ. ಮೇ ಮಧ್ಯಾಹ್ನ ಅದೇ ಸಾಲು 463ಕ್ಕೆ ಇಳಿಯುತ್ತದೆ, ಅದನ್ನು 1.414ರಿಂದ ಭಾಗಿಸಿದರೆ ಮೋಟಾರಿಗೆ ಸಿಗುವುದು 327. ವೋಲ್ಟೇಜ್ ಮತ್ತು ಹರ್ಟ್ಸ್ ಅನುಪಾತ ಕಾಯ್ದುಕೊಂಡರೆ 415 ವೋಲ್ಟಿನ ಮೋಟಾರ್ 39 ಹರ್ಟ್ಸ್‌ಗಿಂತ ಮೇಲೆ ಓಡದು. ನೀರು ಹೆಚ್ಚು ಬೇಕಾದ ಹೊತ್ತಿನಲ್ಲೇ ಪಂಪ್ ನಿಧಾನವಾಗುವುದು ಹೀಗೆ. 18 ಪ್ಯಾನೆಲ್ ಹಾಕಿದರೆ ಬೇಸಿಗೆಗೆ 556 ವೋಲ್ಟ್ ಸಿಗುತ್ತದೆ, ಆದರೆ ಚಳಿಗಾಲದಲ್ಲಿ ಸೆಲ್ 12 ಡಿಗ್ರಿ ಇರುವ ಮುಂಜಾನೆ ತೆರೆದ ವೋಲ್ಟೇಜ್ 861ಕ್ಕೆ ಏರುತ್ತದೆ. ಡ್ರೈವಿನ ಗರಿಷ್ಠ ಮಿತಿ 800 ಆಗಿದ್ದರೆ ಅದು ಸುಟ್ಟಿತು ಎಂದೇ ಲೆಕ್ಕ.

ನೆರಳಿನ ಲೆಕ್ಕ ಬೇಕಾದವರು, ಅಂದರೆ ಬೇವಿನ ಮರದ ಪಕ್ಕ ಪ್ಯಾನೆಲ್ ಹಾಕುವವರು, 72 ಸೆಲ್ಲನ್ನು ಒಂದೇ ಗಂಟು ಮಾಡಬಾರದು. ಪ್ಯಾನೆಲ್ಲಿನ ಹಿಂದಿನ ಡಬ್ಬಿಯಲ್ಲಿ ಮೂರು ಬೈಪಾಸ್ ಡಯೋಡ್ (ನೆರಳು ಬಿದ್ದ ಸೆಲ್ಲುಗಳನ್ನು ಬಿಟ್ಟು ಕರೆಂಟನ್ನು ಮುಂದೆ ಸಾಗಿಸುವವು) ಇರುತ್ತವೆ, 24 ಸೆಲ್ಲಿಗೊಂದು. ಹಾಗೇ 24 ಸೆಲ್ಲಿನ ಸಬ್‌ಸರ್ಕ್ಯೂಟ್ ಮಾಡಿ (15.33 ವೋಲ್ಟ್, 0.083 ಓಮ್, 133 ಓಮ್), ಪ್ರತಿಯೊಂದಕ್ಕೂ ಎಂನಿಂದ ಪಿಗೆ ಮುಖ ಮಾಡಿದ ಶಾಟ್ಕಿ ಡಯೋಡ್ ಸೇರಿಸಿ, ಮೂರನ್ನು ಸೀರೀಸಿನಲ್ಲಿ ಹೊರಗಿನ ಸಬ್‌ಸರ್ಕ್ಯೂಟಿನಲ್ಲಿಡಿ. ಜಿ ತುದಿ ಮೂರಕ್ಕೂ ಬೇರೆ ಬೇರೆ ಇರಲಿ. ಇದಿಲ್ಲದ ಮಾಡೆಲ್ಲಿನಲ್ಲಿ ಒಂದು ಪ್ಯಾನೆಲ್ಲಿಗೆ 0.3 ಬಿಸಿಲು ಕೊಟ್ಟರೆ ಇಡೀ ಸಾಲು 3 ಆಂಪಿಯರ್ ಆಸುಪಾಸಿಗೆ ಕುಸಿದಂತೆ ತೋರುತ್ತದೆ. ಬೈಪಾಸ್ ಇದ್ದರೆ ಕಳೆದುಹೋಗುವುದು ನೆರಳು ಬಿದ್ದ ಆ 24 ಸೆಲ್‌ಗಳು ಮಾತ್ರ.